ಕ್ರಾಬಿಗೆ ವರ್ಗವಾದ ಕಾಕಾ

ನಮ್ಮ ಕಾಕಾನಿಗೆ ಇದುವರೆಗೆ ಎಷ್ಟು ಊರುಗಳಿಗೆ ವರ್ಗವಾಗಿದೆ ಅನ್ನೋದು ಅವರು ದುಡಿದ ಬ್ಯಾಂಕಿಗೂ ಗೊತ್ತಿಲ್ಲ. ಹೆಂಗ ಗೊತ್ತಿರಬೇಕು ಹೇಳ್ರಿ? ಅರ್ಧ ವರ್ಗಗಳನ್ನು ಬ್ಯಾಂಕು ಮಾಡಿದ್ದೇ ಅಲ್ಲ, ಕಾಕಾ ತಾವೇ ಮಾಡಿಕೊಂಡದ್ದು! ರಿಟೈರಾಗಿ ವಿಶಾಖಪಟ್ಟಣದ ಮಧುರವಾಡದಲ್ಲಿ ಸ್ವಂತ ಫ್ಲ್ಯಾಟು ಕೊಂಡು ಕೂತಿರುವ ಮನುಷ್ಯ. ಆದರೂ ಯಾವ ಊರಿಗೆ ಕಾಲಿಡಲಿ, ಮದುವೆಗೇ ಹೋಗಲಿ ಮಣ್ಣಿಗೇ ಹೋಗಲಿ, ಮೊದಲು ಕೇಳೋದು ಇದೇ: "ಇಲ್ಲೆ ಬಾಡಿಗಿ ಹೆಂಗದ? ನೀರು ಎಷ್ಟೊತ್ತಿಗೆ ಬರ್ತಾವ?"

ನಾನು ಅವರ ಅಣ್ಣನ ಮಗಳು. ಧಾರವಾಡದಿಂದ ಬ್ಯಾಂಕಿನ ನೌಕರಿಯ ಮೇಲೆ ಇಲ್ಲಿಗೆ ಬಂದವಳು. ಕಾಕಾನ ಮನೆ ಹತ್ತಿರವೇ ಇರು, ಆಸರೆಯಾಗುತ್ತದೆ ಅಂದರು ಅಪ್ಪ. ಯಾರಿಗೆ ಯಾರು ಆಸರೆ ಅನ್ನೋದು ಮಾತ್ರ ಹೇಳಲಿಲ್ಲ. ವಾರವಿಡೀ ಕೌಂಟರಿನಲ್ಲಿ ಕೂತು ಬೆನ್ನು ಸೋತು, ಭಾನುವಾರ ಒಂದು ದಿನ ಹೊದ್ದು ಮಲಗೋಣ ಅಂದರೆ ಬೆಳಿಗ್ಗೆಯೇ ಫೋನು.

"ನಡಿಯವ್ವಾ, ಪೆಂಡುರ್ತಿಯೊಳಗ ಒಂದು ಮನಿ ಖಾಲಿ ಅದಂತ."

"ಕಾಕಾ, ನಿಮ್ಮದ ಮನಿ ಅದ ಅಲ್ರೀ?"

"ಅದ. ಆದರ ಆ ಕಡೆ ವರ್ಗ ಆದರ?"

ರಿಟೈರ್ ಆದವರಿಗೆ ಎಲ್ಲಿಯ ವರ್ಗ ಮಾರಾಯ್ರೆ! ಉಳಿದಿರೋದು ಒಂದೇ, ಅದರ ಆರ್ಡರು ಮೇಲಿಂದ ಬರೋದು ಅಂತ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಊರಿನ ಇನ್ನೊಂದು ತುದಿಯ ಆ ಪೆಂಡುರ್ತಿಯ ಮನೆ ಮಾಲೀಕರು ಪಾಪ, ನಿಂಬೆ ಪಾನಕ ಕೊಟ್ಟು, ಟೆರೇಸಿನ ತನಕ ಹತ್ತಿಸಿ ತೋರಿಸಿ, "ಎಪ್ಪುಡು ವಸ್ತಾರಂಡಿ?" ಅಂತ ಕೇಳಿದರು. ಯಾವಾಗ ಬರ್ತೀರಿ ಅಂತ. ಕಾಕಾ ಗಂಭೀರವಾಗಿ, "ಆರ್ಡರ್ ಇಂಕಾ ರಾಲೇದಂಡಿ" ಅಂದರು. ಆರ್ಡರ್ ಇನ್ನೂ ಬಂದಿಲ್ಲವಂತೆ! ನಾನು ಪಾನಕದ ಗ್ಲಾಸಿನಲ್ಲಿ ಮುಖ ಮುಚ್ಚಿಕೊಂಡೆ.

ಈ ಹುಚ್ಚು ಎಲ್ಲಿಂದ ಶುರುವಾಯಿತೋ ಅಂತ ಕಾಕುನ್ನ, ಅಂದರೆ ಕಾಕಾನ ಹೆಂಡತಿಯನ್ನ, ಕೇಳಿದರೆ ಅವರು ವಿಜಯವಾಡದ ಕಥೆ ತೆಗೆಯುತ್ತಾರೆ. ಮದುವೆಯಾದ ಹೊಸತರಲ್ಲಿ ಕಾಕಾನಿಗೆ ಅಲ್ಲಿಗೆ ವರ್ಗ. ಮನೆಯನ್ನು ನೋಡದೆ ಹಿಡಿದಿದ್ದರು, ಆಟೋನಗರದ ಪಕ್ಕದಲ್ಲಿ. ಹಗಲೆಲ್ಲ ಲಾರಿ ತಗಡು ಬಡಿಯುವ ಸದ್ದು. ನೀರಿನ ಮೋಟಾರಿನ ಸ್ವಿಚ್ಚು ಕೆಳಗೆ ಮಾಲಕಿಯ ಮನೆಯಲ್ಲಿ. ಕಾಕಾ ಮಾಳಿಗೆ ಮೇಲೆ ನಿಂತು ನಮ್ಮ ಧಾರವಾಡದ ರೂಢಿಯಂತೆ "ಚಾಲೂ! ಚಾಲೂ!" ಅಂತ ಕೂಗಿದರು, ಅಂದರೆ ಮೋಟಾರು ಶುರು ಮಾಡ್ರಿ ಅಂತ. ತೆಲುಗಿನಲ್ಲಿ ಚಾಲು ಅಂದರೆ ಸಾಕು! ಆಗಷ್ಟೇ ಸ್ವಿಚ್ಚು ಒತ್ತಿದ್ದ ಆಕೆ ಟಕ್ಕನೆ ಬಂದ್ ಮಾಡಿದಳು. ಕಾಕಾ ಇನ್ನೂ ಜೋರಾಗಿ "ಚಾಲೂ ಅಂದ್ರ ಚಾಲೂ!" ಅಂದರು. ಆಕೆಗೆ ಸಿಟ್ಟು ನೆತ್ತಿಗೇರಿ, ಸಾಕು ಅಂದದ್ದು ಕೇಳಿಸಿತು, ನಾನೇನು ಕಿವುಡಿಯೇ ಅಂತ ಬಾಗಿಲು ಹಾಕಿಕೊಂಡಳು. ಅವತ್ತು ಇಬ್ಬರೂ ಸ್ನಾನ ಮಾಡಲಿಲ್ಲ.

ಇಂಥವರನ್ನು ಕಟ್ಟಿಕೊಂಡು ನಾನು ಥಾಯ್ಲೆಂಡಿಗೆ ಹೋದೆ ಅಂದರೆ ನೀವೇ ಹೇಳ್ರಿ, ನನ್ನ ತಲೆ ನೆಟ್ಟಗಿತ್ತೇ?

ಹೋಗಿದ್ದು ಕಾಕುಗಾಗಿ. ಎರಡೂ ಮೊಣಕಾಲು ಸವೆದಿವೆ, ಆಪರೇಷನ್ ಆಗಲೇಬೇಕು ಅಂತ ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು, ಕಾಲು ಎತ್ತಿಡಲು ಬರುವಾಗಲೇ, ಒಂದು ಸಲ ದೋಣಿ ಹತ್ತಬೇಕು, ಹಸಿರು ನೀರಿನಲ್ಲಿ ಕಲ್ಲುಗುಡ್ಡ ನಿಂತಿರುವುದನ್ನು ನೋಡಬೇಕು. ಕಾಕು ತಮಗಾಗಿ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಕಾಕಾನಿಗೋ ನೀರು ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ವಿಶಾಖಪಟ್ಟಣದಲ್ಲಿದ್ದೂ ಸಮುದ್ರಕ್ಕೆ ಪಾದ ಅದ್ದಿದವರಲ್ಲ. ಅಂತೂ ಅಪಾರ್ಟ್‌ಮೆಂಟಿನ ಹಿರಿಯರ ಗುಂಪಿನ ಜೊತೆ ಕ್ರಾಬಿಗೆ ಹೊರಟೆವು. ಬ್ಯಾಗು, ಮಾತ್ರೆ, ಅವಲಕ್ಕಿ, ಚಟ್ನಿಪುಡಿ, ಎಲ್ಲಾ ನನ್ನ ಹೆಗಲಿಗೆ.

ಕ್ರಾಬಿ ಅಂದರೆ ಅಲ್ಲಿಯ ಒಂದು ಜಿಲ್ಲಾ ಊರು. ನದಿ ದಂಡೆಯ ಮೇಲೆ ಸಂತೆ, ಸರಕಾರಿ ಕಚೇರಿಗಳು, ಸಾಲಾಗಿ ಹೋಟೆಲುಗಳು. ಬಂದವರೆಲ್ಲ ಬ್ಯಾಗು ಎಸೆದು ದ್ವೀಪಗಳ ಕಡೆ ಓಡುತ್ತಾರೆ. ನಮ್ಮ ಕಾಕಾ ಮಾತ್ರ ಕಚೇರಿಗಳನ್ನು ನೋಡಿ ಅರಳಿದರು. "ಜಿಲ್ಲಾ ಊರವ್ವಾ! ಎಚ್‌ಆರ್‌ಎ ಛಲೋ ಸಿಗತಿತ್ತು ಇಲ್ಲೆ!" ಒಂದು ಚೌಕದಲ್ಲಿ ಸಿಗ್ನಲ್ ದೀಪಗಳನ್ನು ಆದಿಮಾನವರ ಪ್ರತಿಮೆಗಳು ಹಿಡಿದು ನಿಂತಿವೆ. ಎಲ್ಲರೂ ಫೋಟೋ ತೆಗೆದರು. ಕಾಕಾ ನಿಟ್ಟುಸಿರು ಬಿಟ್ಟು, "ಪುಣ್ಯವಂತರು ನೋಡು. ಅವಾಗಿನಿಂದ ಇವರಿಗೆ ವರ್ಗನ ಆಗಿಲ್ಲ" ಅಂದರು.

ದ್ವೀಪಕ್ಕೆ ಹೋಗುವ ದಿನ ಬಂತು. ಇದ್ದದ್ದು ಅದೊಂದೇ ದಿನ. ಕಾಕು ನಸುಕಿಗೇ ಎದ್ದು, ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು, ನಾಚಿಕೊಂಡು ತಯಾರಾಗಿ ಕೂತಿದ್ದರು. ವ್ಯಾನು ಬಂತು, ಕಾಕಾ ಇಲ್ಲ! "ಇಲ್ಲೇ ಅಡ್ಡಾಡಿ ಬರ್ತೀನಿ" ಅಂತ ತಿಂಡಿ ತಿಂದು ಹೋದವರು ಹೋದರು. ಫೋನು ನೋಡಿದರೆ ಕೋಣೆಯಲ್ಲೇ ಬಿದ್ದಿದೆ. ನಾನೂ ಕಾಕುನೂ ಹುಡುಕಲು ಹೊರಟೆವು. ಆ ಮೊಣಕಾಲು, ಆ ಬಿಸಿಲು, ನನ್ನ ಹಣೆಬರಹ!

ಕಚೇರಿಗಳ ಹಿಂದಿನ ಓಣಿಯಲ್ಲಿ ಸಿಕ್ಕರು. ಒಂದು ಕಟ್ಟಿಗೆಯ ಮನೆ, ಮುಂದೆ ಥಾಯ್ ಭಾಷೆಯಲ್ಲಿ ಬೋರ್ಡು. ಬೋರ್ಡಿನ ಮೇಲೆ ಕಾಕಾನಿಗೆ ತಿಳಿದದ್ದು ಫೋನ್ ನಂಬರ್ ಒಂದೇ. ಮನೆ ಮುಂದೆ ಫೋನ್ ನಂಬರ್ ಇದ್ದರೆ ಅದು ಟು-ಲೆಟ್ಟೇ ಅನ್ನೋದು ಅವರ ಸಿದ್ಧಾಂತ. ನಿಜಕ್ಕೂ ಅದು ಬಟ್ಟೆ ಒಗೆದುಕೊಡುವ ಅಂಗಡಿ! ನೀರು ಬರ್ತಾವೇನು ಅಂತ ಇವರು ಕೈಸನ್ನೆ ಮಾಡಿದ್ದಾರೆ. ಅಂಗಿಯ ಮೇಲೆ ಕಾಫಿ ಕಲೆ ಇತ್ತು. ಒಗೆಯಲು ಕೊಡುತ್ತಿದ್ದಾರೆ ಅಂತ ತಿಳಿದು ಅಂಗಡಿಯಾಕೆ ಅಂಗಿಗೆ ಕೈ ಚಾಚಿದ್ದಾಳೆ. ಈ ಕಡೆ ಹೀಗೆಯೇ ಪದ್ಧತಿ ಇರಬೇಕು ಅಂತ ಇವರು ಬಿಚ್ಚಿ ಕೊಟ್ಟುಬಿಟ್ಟಿದ್ದಾರೆ! ಅಂಗಿ ಒಳಗೆ ಮಷೀನಿನಲ್ಲಿ ತಿರುಗುತ್ತಿತ್ತು. ಕಾಕಾ ಬನಿಯನ್ನಿನ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

"ಬಾ ಬಾ! ಮನಿ ಭಾಳ ಛಲೋ ಅದ!" ಅಂದರು ಕಾಕುಗೆ.

ಅಷ್ಟರಲ್ಲಿ ನನ್ನ ಫೋನಿಗೆ ಗೈಡು: ಉಳಿದವರು ಕಾಯೋದಿಲ್ಲ, ವ್ಯಾನು ಹೊರಟಿತು. ಕಾಕುಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕಾಕು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟರು.

"ಹೋದಲ್ಲೆಲ್ಲಾ ಗಂಟು ಬಿಚ್ಚೀನಿ, ಮತ್ತ ಕಟ್ಟೀನಿ. ಒಂದ ದಿನ ನಾಕು ಮಂದಿಯಂಗ ತಿರಗಾಡಿ ಹೋಗ್ಬೇಕಂತ ಬಂದಿದ್ದೆ. ಇಲ್ಲಿಗೂ ವರ್ಗ ಮಾಡಿಸ್ಕೊಂಡು ಬಂದ್ರೇನ್ರೀ ನೀವು?"

ಕಾಕಾನ ಮುಖ ಸಣ್ಣದಾಯಿತು. ಬನಿಯನ್ನಿನ ಅಂಚು ಜಗ್ಗಿಕೊಳ್ಳುತ್ತಾ, ಕಾಕುನ ಕಡೆ ನೋಡಲಾರದೆ, ನನಗೆ ಹೇಳತೊಡಗಿದರು.

"ವಿಜಯವಾಡಕ್ಕ ಇಕೀನ್ನ ಮನಿ ನೋಡದ ಕರಕೊಂಡು ಬಂದುಬಿಟ್ಟೆ. ನಾ ಬ್ಯಾಂಕಿಗೆ ಹೋದರ ಇಕಿ ಆ ಬಡಿಯೂ ಸಪ್ಪಳದಾಗ ಒಬ್ಬಾಕಿನ. ಭಾಷಾ ಬರೂದಿಲ್ಲ, ಬಾಜೂದಾಗ ಮಂದಿ ಇಲ್ಲ. ಒಂದಿನ ಸಂಜೀಕ ಬಂದರ ಖಾಲಿ ಗ್ವಾಡಿ ಜೋಡಿ ಮಾತಾಡ್ಲಿಕ್ಕೆ ಹತ್ತಿದ್ಲು. ಅವತ್ತಿಂದ ಯಾವ ಊರು ಕಂಡರೂ ನನಗ ಅದ ಬರ್ತದವ್ವಾ. ಇಕಿ ಇಲ್ಲೆ ಹಗಲು ಹೆಂಗ ಕಳೀತಾಳ? ಬಾಜೂ ಮನಿಯಾಗ ಮಾತಾಡಾಕಿ ಒಬ್ಬಾಕಿ ಇದ್ದಾಳೋ ಇಲ್ಲೋ? ಬಾಡಿಗಿ, ನೀರು ಎಲ್ಲಾ ಸುಮ್ನ ಬಾಯಿಮಾತಿಗೆ ಕೇಳತೀನಿ. ಈ ಮನಿಯಾಕಿನ್ನ ನೋಡು, ಭಾಷಾ ತಿಳೀದಿದ್ರೂ ಎಷ್ಟು ನಗತಾಳ."

ಒಗೆಯುವಾಕೆ ನಿಜಕ್ಕೂ ನಗುತ್ತಾ, ಕಾಕುಗೆ ಒಂದು ಲೋಟ ತಣ್ಣೀರು ತಂದುಕೊಟ್ಟಳು. ಇಷ್ಟು ವರ್ಷ ನಾನು ಈ ಮನುಷ್ಯನಿಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದೆ. ಕಾಕು ನೀರು ಕುಡಿದರು. ಅಂಗಿ ಒಣಗುವ ತನಕ ಮೂವರೂ ಅಲ್ಲೇ ಕೂತೆವು.

ಮರುದಿನ ಮಧ್ಯಾಹ್ನ ವಿಮಾನ. ದ್ವೀಪಕ್ಕೆ ಹೋಗಿ ಬರುವಷ್ಟು ಹೊತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ಬಡಿದ ಸದ್ದಿಗೆ ತೆರೆದು ನೋಡಿದರೆ, ಕಾಕಾ ಲೈಫ್ ಜಾಕೆಟ್ ಹಾಕಿಕೊಂಡು ನಿಂತಿದ್ದಾರೆ! ಹೋಟೆಲಿನಲ್ಲೇ! ನದಿಯಾಚೆ ಎರಡು ಕಲ್ಲುಗುಡ್ಡಗಳು ನೀರಿನಿಂದಲೇ ಎದ್ದು ನಿಂತಿವೆ, ಅಲ್ಲಿಗೆ ಒಂದು ಉದ್ದನೆಯ ದೋಣಿಯನ್ನು ಅವರೇ ಹೋಗಿ ಗೊತ್ತು ಮಾಡಿ ಬಂದಿದ್ದರು.

ದಂಡೆಯಲ್ಲಿ ಕಾಕಾ ಮಂಡಿಯೂರಿ ಕೂತು, ಕಾಕುನ ಪಾದ ಎರಡೂ ಕೈಯಲ್ಲಿ ಎತ್ತಿ ದೋಣಿಯೊಳಗೆ ಇಟ್ಟರು. ಒಂದು ಕಾಲು, ಆಮೇಲೆ ಇನ್ನೊಂದು. ತಾವು ಹತ್ತುವಾಗ ಮಾತ್ರ ಗಡಗಡ ನಡುಗಿದರು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ದೋಣಿ ಹೊರಟಿತು.

"ಕಣ್ಣು ತಗೀರಿ. ಎಷ್ಟು ಛಂದ ಅದ ನೋಡ್ರಿ" ಅಂದರು ಕಾಕು.

ಒಂದು ಕಣ್ಣು ತೆರೆದರು. ಇನ್ನೇನು ದೋಣಿಯವನಿಗೆ ಇಲ್ಲಿ ಹಾಲು ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ ಅಂತ ನಾನು ಕಾದೆ. ಕೇಳಲಿಲ್ಲ. ಕಾಕುನ ಕೈ ಹಿಡಿದುಕೊಂಡು, "ಏ, ಇಲ್ಲಿಗೆ ವರ್ಗ ಬ್ಯಾಡ ನಮಗ. ಹಿಂಗ ಸುಮ್ನ ಬಂದು ಹೋಗೂಣು" ಅಂದರು.

ಕಾಕು ಗುಡ್ಡದ ಮೇಲಿನ ಕಣ್ಣು ಕೀಳದೆ ಕೇಳಿದರು: "ಮಣಕಾಲು ನೆಟ್ಟಗಾದ ಮ್ಯಾಲೆ ಮತ್ತ ಬರೂಣೇನ್ರೀ?"