ದೊಡ್ಡಪ್ಪನ ರೈಲಿಗೆ ಹದಿನಾಲ್ಕು ಪಿಲ್ಲರ್

ಹೋದ ವರ್ಷ ಜನವರಿಯಲ್ಲಿ ಅಬ್ಬಿಗೆರೆಯ ದೊಡ್ಡಪ್ಪನ ಮನೆ ಮುಂದಿನ ಹುಲ್ಲುಹಾಸಿನಲ್ಲಿ ರೈಲು ಬಿಡುವ ಕೆಲಸ ಶುರುವಾಯಿತು. ನಮ್ಮ ಮನೆತನದಲ್ಲಿ ಸಣ್ಣ ಕೆಲಸ ಸಣ್ಣದಾಗಿಯೇ ಮುಗಿದ ದಾಖಲೆಯಿಲ್ಲ.

೧. ಎತ್ತರ

ದೊಡ್ಡಪ್ಪ ಮೂವತ್ತು ವರ್ಷ ಮನೆ ಕಟ್ಟಿಸಿ ಮಾರಿದವರು. ಅರವತ್ತೆಂಟನೇ ವಯಸ್ಸಿಗೆ ಮೊಳದುದ್ದದ ಬ್ಯಾಟರಿ ರೈಲಿಂಜಿನ್ ಕೊಂಡರು. ಅದು ಕಣ್ಣೆದುರು ಓಡುವುದನ್ನು ಆರಾಮವಾಗಿ ನೋಡಬೇಕು, ಅಷ್ಟೇ ಆಸೆ. ಆದರೆ ಮಂಡಿ ಆಪರೇಷನ್ ಆಗಿತ್ತು. ಬಗ್ಗಬೇಡಿ, ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಹುಲ್ಲುಹಾಸು ಚಪ್ಪಟೆ. ಹಳಿಯನ್ನೇ ಎತ್ತರಿಸಬೇಕು.

ನಾನು ಫಿಸಿಕ್ಸ್ ಎಂಎಸ್ಸಿ. ಹಾಗಾಗಿ ನಕ್ಷೆ ನನ್ನ ಪಾಲಿಗೆ ಬಂತು. ದೊಡ್ಡಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಬಗ್ಗದೆ ಹಳಿ ಕಾಣುವ ಎತ್ತರ ಅಳೆದೆ. ಎರಡೂವರೆ ಅಡಿ.

"ಅಷ್ಟೊಂದು ಓದಿ ಕೊನೆಗೆ ಟೇಪಲ್ಲೇ ಅಳೆದ್ಯಾ?" ಎಂದರು ದೊಡ್ಡಮ್ಮ.

೨. ಪ್ರದಕ್ಷಿಣೆ

ಹುಲ್ಲಿನ ನಡುವೆ ದೊಡ್ಡಮ್ಮನ ತುಳಸಿಕಟ್ಟೆ. ಹಳಿ ಅದನ್ನು ಸುತ್ತಬೇಕು. ಅವರ ಷರತ್ತು ಒಂದೇ.

"ಬಲಕ್ಕೇ ಸುತ್ತಲಿ. ದಿನಾ ನೂರು ಪ್ರದಕ್ಷಿಣೆ ಆಗುತ್ತೆ, ನನ್ನ ಹೆಸರಲ್ಲಿ."

"ಇದಕ್ಕೆ ರಿವರ್ಸೂ ಇದೆ ದೊಡ್ಡಮ್ಮ."

"ಅದು ನಿಮ್ಮ ದೊಡ್ಡಪ್ಪನ ಹೆಸರಲ್ಲಿ ಹೋಗಲಿ."

೩. ಕಾರ್ನರ್

ಗೂಟ ಹೊಡೆದು, ದಾರ ಎಳೆದು, ಸುಣ್ಣದ ಪುಡಿಯಲ್ಲಿ ಗುರುತು ಹಾಕುತ್ತಿದ್ದೆ. ಪಕ್ಕದ ಮನೆಯ ಅಜ್ಜ ಗೇಟಿನಲ್ಲಿ ನಿಂತು ನೋಡಿದರು.

"ಎಷ್ಟು ಸೈಟ್ ಮಾಡ್ತಿದೀರಪ್ಪ? ಕಾರ್ನರ್ ನಂಗಿರ್ಲಿ."

"ಸೈಟಲ್ಲ ತಾತ, ರೈಲು ಬರುತ್ತೆ."

"ರೈಲಾ? ಅಂಗಾದ್ರೆ ರೇಟ್ ಏರ್ತದೆ. ಎರಡಿಟ್ಟಿರು."

೪. ಕಂಬಿ

ಪಿಲ್ಲರ್ ಕೆಲಸ ದೊಡ್ಡಪ್ಪನ ಹಳೇ ಮೇಸ್ತ್ರಿಗೆ ಹೋಯಿತು. ವಾರವಿಡೀ ನನಗೆ ಲ್ಯಾಬಿನಲ್ಲಿ ಕೆಲಸ. ಭಾನುವಾರ ಬಂದು ನೋಡಿದರೆ ಹದಿನಾಲ್ಕು ಪಿಲ್ಲರ್, ಎಲ್ಲವೂ ಸರಿಯಾಗಿ ಎರಡೂವರೆ ಅಡಿ. ಪ್ರತಿಯೊಂದರ ನೆತ್ತಿಯ ಮೇಲೂ ಅಷ್ಟೇ ಉದ್ದದ ನಾಲ್ಕು ಕಬ್ಬಿಣದ ಕಂಬಿ ಆಕಾಶ ನೋಡುತ್ತಿದ್ದವು. ನನ್ನ ನಕ್ಷೆಯಲ್ಲಿ ಎಲ್ಲವೂ ಇತ್ತು, ಕಂಬಿ ಬಿಡಬೇಡಿ ಎಂಬುದೊಂದನ್ನು ಬಿಟ್ಟು.

"ಇದೇನು ಮೇಸ್ತ್ರಿ?"

"ನಾಳೆ ಮೇಲೊಂದು ಫ್ಲೋರ್ ಎತ್ಬೇಕು ಅನ್ಸಿದ್ರೆ ಸಾರ್?"

"ಇದು ರೈಲಿಗೆ."

"ಯಾವ್ದಕ್ಕಾದ್ರೂ ಆಗ್ಲಿ. ಅನ್ಸೋದು ಅನ್ಸುತ್ತೆ."

ಕತ್ತರಿಸಿ ಎಂದೆ. ಮೇಸ್ತ್ರಿ ನನ್ನ ಮಾತಿಗೆ ಕದಲದೆ ದೊಡ್ಡಪ್ಪನ ಮುಖ ನೋಡಿದ. ದೊಡ್ಡಪ್ಪ ಬಹಳ ಹೊತ್ತು ಕಂಬಿ ನೋಡಿದರು.

"ಇಷ್ಟು ಮನೆ ಕಟ್ಸಿದೀನಿ. ಬಿಟ್ಟ ಕಂಬೀನ ಯಾವತ್ತೂ ಕತ್ತರಿಸಿಲ್ಲ ಕಣೋ," ಎಂದರು. ಆಮೇಲೆ ಮೇಸ್ತ್ರಿಗೆ, "ಎತ್ತಿಬಿಡು."

ಕಂಬಿಯ ತುದಿ ಮುಚ್ಚುವವರೆಗೂ ಕಾಂಕ್ರೀಟ್ ಏರಿತು. ಈ ಸಲ ಹೊಸ ಕಂಬಿ ಬಿಡದಂತೆ ನಾನು ರಜೆ ಹಾಕಿ ಕಾವಲು ಕೂತೆ. ಹಲಗೆ ಬಂತು, ಹಳಿ ಬಂತು. ರೈಲು ಬಲಕ್ಕೇ ಸುತ್ತುತ್ತಿದೆ.

"ನೋಡಿ ಯಜಮಾನ್ರೇ, ಇನ್ನು ಬಗ್ಗೋ ಮಾತೇ ಇಲ್ಲ," ಎಂದ ಮೇಸ್ತ್ರಿ.

ದೊಡ್ಡಮ್ಮ ಸ್ಟೂಲ್ ತಂದರು. ಡಾಕ್ಟರ ಮಾತು ನೆನಪಾಗಿ ವಾಪಸ್ ಒಳಗಿಟ್ಟರು. ದೊಡ್ಡಪ್ಪ ಈಗ ದಿನಾ ಸಂಜೆ, ಕಣ್ಣು ಹಳಿಯ ಮಟ್ಟಕ್ಕೆ ಬರಲೆಂದು, ಹಿಮ್ಮಡಿ ಎತ್ತಿ ನಿಲ್ಲುತ್ತಾರೆ.

ಹಳಿಯ ಎತ್ತರ ಐದಡಿ. ದೊಡ್ಡಪ್ಪನದು ಐದಡಿ ಎರಡಿಂಚು.