ವರ್ಗಮೂಲ ಮತ್ತು ಐವತ್ತು ಇಡ್ಲಿ

ಪಾಠ ಹೇಳುವವನಿಗೆ ವಿಷಯ ಗೊತ್ತಿರಬೇಕು ಎಂಬುದು ಮೂಢನಂಬಿಕೆ. ಗೊತ್ತಿರುವವನ ಧ್ವನಿ ಇದ್ದರೆ ಸಾಕು. ನನಗದು ಧಾರಾಳವಾಗಿತ್ತು. ಮೈಸೂರಿನಿಂದ ಮುಂಬಯಿಗೆ ಬಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸತೊಡಗಿ ಆರು ವರ್ಷವಾಗಿದ್ದರೂ ಯಾರೂ ನನ್ನನ್ನು ತಡೆದು ಪ್ರಶ್ನೆ ಕೇಳಿರಲಿಲ್ಲ. ಈ ಧ್ವನಿಗೆ ಬಗ್ಗದವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ. ನಾನು ಖಾತರಿ ಕೊಟ್ಟು ತಂದ ಬದನೆಕಾಯಿಯನ್ನು ಹೆಚ್ಚಿ, ಒಳಗಿನ ಹುಳುವನ್ನು ತೋರಿಸಿ ಒಳಗೆ ಹೋಗುತ್ತಾಳೆ.

ಇನ್ನೊಬ್ಬಳು ಸುಮತಿ. ಗೋರೆಗಾಂವ್ ಸ್ಟೇಷನ್ನಿನ ಎದುರು ಹೋಟೆಲು ನಡೆಸುವ ಉಡುಪಿ ಕಡೆಯ ಮಂಜಪ್ಪ ಶೆಟ್ಟರ ಮಗಳು. ಇಂಟರ್ ಸೈನ್ಸಿನಲ್ಲಿ ನನ್ನದೇ ವಿದ್ಯಾರ್ಥಿನಿ. ಅರ್ಥವಾಗದ್ದನ್ನು ಬಾಯಿಪಾಠ ಮಾಡಿ ಬರೆಯಲಾರೆನೆಂದು ಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಬಿಟ್ಟು ಬಂದಿದ್ದಳು. "ಇನ್ನೊಮ್ಮೆ ಹೀಗಾದರೆ ಕಾಲೇಜು ಬೇಡ, ದಹಿಸರಿನಲ್ಲಿ ಒಂದು ಸಂಬಂಧ ಉಂಟು" ಎಂದು ಶೆಟ್ಟರು ಹೇಳಿಬಿಟ್ಟಿದ್ದರು. ಆಕೆಗೆ ಪಾಠ ಹೇಳಲೆಂದು ನಾನು ಭಾನುವಾರಗಳಂದು ಮುಲುಂಡಿನಿಂದ ಎರಡು ಲೋಕಲ್ ಬದಲಿಸಿ ಅವರ ಮನೆಗೆ ಹೋಗುತ್ತಿದ್ದೆ.

ಅಂದು ಅನಿಲದ ಅಣುಗಳ ವೇಗದ ಪಾಠ. "ಪ್ರತಿ ಅಣುವಿನ ವೇಗದ ವರ್ಗ ಮಾಡು, ಅವುಗಳ ಸರಾಸರಿ ತೆಗೆ, ಆಮೇಲೆ ವರ್ಗಮೂಲ" ಎಂದೆ.

"ಕೊನೆಗೆ ಮೂಲ ತೆಗೆಯುವುದಾದರೆ ಮೊದಲು ವರ್ಗ ಯಾಕೆ ಸರ್?"

"ಅಣುಗಳು ಎಲ್ಲ ದಿಕ್ಕಿಗೂ ಓಡುತ್ತವಮ್ಮ. ಹಾಗೇ ಕೂಡಿದರೆ ಪ್ಲಸ್ಸು, ಮೈನಸ್ಸು ಹೊಡೆದುಹೋಗಿ ಸೊನ್ನೆ ಬರುತ್ತೆ."

"ದಿಕ್ಕು ಬಿಟ್ಟು ಬರೀ ವೇಗದ ಸರಾಸರಿ ತೆಗೆದರಾಯಿತಲ್ಲ ಸರ್?"

ನಾನು ಕನ್ನಡಕ ಒರೆಸಿದೆ. ನೀರು ಕುಡಿದೆ. "ಒತ್ತಡಕ್ಕೆ ಅದು ಸಾಲದು" ಎಂದೆ. ಯಾಕೆ ಸಾಲದೆಂದು ಅವಳು ಕೇಳಿದಳು. ಎರಡರಷ್ಟು ವೇಗದ ಅಣು ಗೋಡೆಗೆ ಎರಡು ಪಟ್ಟು ಸಲ ಬಡಿಯುತ್ತದೆ, ಪ್ರತಿ ಪೆಟ್ಟೂ ಎರಡು ಪಟ್ಟು ಜೋರು ಎಂದೆ. ಅದನ್ನು ವರ್ಗದವರೆಗೆ ಎಳೆದು ತರಲು ನನ್ನಿಂದಾಗಲಿಲ್ಲ. ಸುಮತಿ ಪೆನ್ಸಿಲು ಕೆಳಗಿಟ್ಟಳು. ಈ ಹುಡುಗಿಯನ್ನು ದಹಿಸರಿಗೆ ಕಳಿಸುವವನು ನಾನೇ ಎನ್ನಿಸಿತು.

ಬಾಗಿಲ ಬಳಿ ಕೇಳುತ್ತ ಕೂತಿದ್ದ ಶೆಟ್ಟರು ಕೆಮ್ಮಿದರು. "ಮಾಷ್ಟ್ರೇ, ನನಗೆ ಇಂಗ್ಲಿಷು ಬರುದಿಲ್ಲ. ಆದರೆ ನಮ್ಮಲ್ಲಿಯೂ ಹಾಗೇ ಅಲ್ವಾ? ಒಬ್ಬ ದಿನಕ್ಕೆ ಒಂದು ಸಲ ಬಂದು ಒಂದು ಇಡ್ಲಿ ತಿಂತಾನೆ. ಇನ್ನೊಬ್ಬ ಬಕಾಸುರ, ಏಳು ಸಲ ಬರ್ತಾನೆ, ಬಂದಾಗೆಲ್ಲ ಏಳು. ಒಟ್ಟು ಐವತ್ತು ಆಯ್ತು. ಒಂದು, ಏಳು, ಸರಾಸರಿ ನಾಲ್ಕು ಅಂತ ಅಕ್ಕಿ ನೆನೆ ಹಾಕಿದರೆ ಮಧ್ಯಾಹ್ನಕ್ಕೇ ಪಾತ್ರೆ ಖಾಲಿ ಮಾರಾಯ್ರೆ."

ಸುಮತಿ ಬರೆಯತೊಡಗಿದಳು. "ಗೋಡೆಗೆ ಬಡಿಯುವುದು ಅಂದರೆ ಹೋಟೆಲಿಗೆ ಬರುವುದು, ಪೆಟ್ಟಿನ ಜೋರು ಅಂದರೆ ಇಡ್ಲಿ. ನಾಲ್ಕು ಸಲ ಬಂದು ನಾಲ್ಕು ತಿನ್ನುವವರು ಇಬ್ಬರಾದರೆ ಮೂವತ್ತೆರಡೇ. ಒಂದರ ವರ್ಗ ಒಂದು, ಏಳರದು ನಲವತ್ತೊಂಬತ್ತು, ಸರಾಸರಿ ಇಪ್ಪತ್ತೈದು, ಮೂಲ ಐದು. ಐದು ಸಲ, ಐದೈದು, ಇಬ್ಬರು. ಐವತ್ತು. ಸರಿಹೋಯಿತು ಅಪ್ಪ."

"ನಾನೂ ಅದನ್ನೇ ಹೇಳುತ್ತಿದ್ದೆ" ಎಂದೆ.

ಮಾರನೆಯ ದಿನ ಕಾಲೇಜಿನಲ್ಲಿ ಆ ಬಕಾಸುರನನ್ನೇ ಇಡೀ ತರಗತಿಗೆ ಬಡಿಸಿದೆ. ಇದು ಯಾವ ಪುಸ್ತಕದಲ್ಲಿದೆ ಎಂದು ಒಬ್ಬ ಕೇಳಿದ. "ಪುಸ್ತಕದಲ್ಲಿಲ್ಲ, ನಾನೇ ಯೋಚಿಸಿದ್ದು" ಎಂದೆ. ಮುಂದಿನ ಬೆಂಚಿನಲ್ಲಿದ್ದ ಸುಮತಿ ತಲೆ ಎತ್ತಲಿಲ್ಲ.

ಆ ವರ್ಷ ಅವಳು ಒಳ್ಳೆಯ ದರ್ಜೆಯಲ್ಲಿ ಪಾಸಾದಳು. ಶೆಟ್ಟರು ದಹಿಸರಿನ ಮಾತೆತ್ತಲಿಲ್ಲ. ಅದಕ್ಕೂ ಮೊದಲು ಒಮ್ಮೆ ಎಲ್ಲರ ನೋಟ್‌ಬುಕ್ಕು ತರಿಸಿಕೊಂಡಿದ್ದೆ. ಸುಮತಿಯದರಲ್ಲಿ ಆ ಉದಾಹರಣೆಯ ಮೇಲೆ ಗುಂಡಗಿನ ಅಕ್ಷರದಲ್ಲಿ ಶೀರ್ಷಿಕೆಯಿತ್ತು: "ಮಂಜಪ್ಪ ಶೆಟ್ಟರ ನಿಯಮ." ಬಹಳ ಹೊತ್ತು ನೋಡಿದೆ. ಕೊನೆಗೆ ಕೆಂಪು ಶಾಯಿಯಲ್ಲಿ ಸರಿ ಎಂದು ಗುರುತು ಹಾಕಿ, ಕೆಳಗೆ ಸಣ್ಣದಾಗಿ ನನ್ನ ರುಜು ಮಾಡಿದೆ.