ಫ್ಯೂಸ್ ಕಿತ್ತುಕೊಂಡು ಹೋದ ಅತ್ತೆ

ನಮ್ಮ ಸೋದರತ್ತೆ, ಅಂದರೆ ಅಪ್ಪನ ತಂಗಿ, ಯಾರ ಮನೆಗೆ ಹೋದರೂ ಮೊದಲು ಮೇನ್ ಸ್ವಿಚ್ ಆರಿಸುತ್ತಾರೆ, ಆಮೇಲೆ "ಚೆನ್ನಾಗಿದ್ದೀರಾ?" ಅಂತ ಕೇಳುತ್ತಾರೆ. ಅಷ್ಟು ಹೊತ್ತಿಗೆ ಮನೆಯವರು ಎಲ್ಲಿ ಚೆನ್ನಾಗಿರುತ್ತಾರೆ! ಫ್ಯಾನ್ ನಿಂತಿರುತ್ತದೆ, ಮಿಕ್ಸಿಯಲ್ಲಿ ಚಟ್ನಿ ಅರ್ಧ ರುಬ್ಬಿರುತ್ತದೆ, ಧಾರಾವಾಹಿಯ ಸೊಸೆ ಕಪಾಳಕ್ಕೆ ಬಾರಿಸಿದಳೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ.

ಕೆ.ಆರ್. ಪುರದ ಕಡೆ ಒಂದು ಮೋಟರ್ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಮಾಡಿ ರಿಟೈರಾದವರು. ಬೇರೆ ಹೆಂಗಸರ ಬ್ಯಾಗಿನಲ್ಲಿ ಬಾಚಣಿಗೆ ಇದ್ದರೆ ಇವರ ಬ್ಯಾಗಿನಲ್ಲಿ ಮೆಗ್ಗರ್! ಟಿಫನ್ ಡಬ್ಬಿಯಷ್ಟು ದೊಡ್ಡದು, ಪಕ್ಕದಲ್ಲೊಂದು ಹಿಡಿ. ಅದರ ಎರಡು ವೈರು ಸಿಕ್ಕಿಸಿ ಹಿಡಿಯನ್ನು ಒಂದು ನಿಮಿಷ ಗರಗರ ತಿರುಗಿಸಿದರೆ, ಕರೆಂಟ್ ಎಲ್ಲಾದರೂ ಸೋರುವಂತಿದೆಯೇ ಅಂತ ಮುಳ್ಳು ತೋರಿಸುತ್ತದೆ. ಒಂದು ಮೆಗಾ ಓಮ್‌ಗಿಂತ ಮೇಲಿದ್ದರೆ ಅತ್ತೆ ಕಾಫಿ ಕುಡಿಯುತ್ತಾರೆ. ಕಡಿಮೆಯಿದ್ದರೆ ನಮಗೂ ಕಾಫಿಯಿಲ್ಲ.

ಬಾಣಸವಾಡಿಯ ಛತ್ರದಲ್ಲಿ ನನ್ನ ತಂಗಿಯ ಮದುವೆ. ಛತ್ರಕ್ಕೆ ತ್ರೀ ಫೇಸ್ ಕನೆಕ್ಷನ್. ಕೆಂಪು, ಹಳದಿ, ನೀಲಿ ತಂತಿಗಳನ್ನು ಎರಡೆರಡಾಗಿ ಮೆಗ್ಗರಿಗೆ ಸಿಕ್ಕಿಸಿ ಮೂರು ಸಲ, ಒಂದೊಂದನ್ನೂ ಅರ್ತ್ ಜೊತೆ ಮೂರು ಸಲ, ಒಟ್ಟು ಆರು ಸಲ ತಿರುಗಿಸಬೇಕು. ಜಾತಕ ನೋಡಿದ ಹಾಗೇ! ಒಂದೇ ವ್ಯತ್ಯಾಸ, ಇಲ್ಲಿ ಯಾರಿಗೂ ಯಾರ ಜೊತೆಗೂ ಸಂಬಂಧ ಕೂಡಿಬರಬಾರದು.

"ಅಮ್ಮಾ, ಮುಹೂರ್ತ ಮೀರ್ತಾ ಇದೆ," ಅಂತ ಪುರೋಹಿತರು ಮೈಕ್ ಇಲ್ಲದೆ ಕೂಗಿದರು.

"ಇನ್ನೆರಡು ಸಲ ಇದೆ ಸ್ವಾಮಿ. ಅಷ್ಟರಲ್ಲಿ ನೀವೂ ಎರಡು ಮಂತ್ರ ಜಾಸ್ತಿ ಹೇಳ್ಬಿಡಿ!"

ಹೇಳಿದರು, ಪಾಪ. ವಿಡಿಯೋದಲ್ಲಿ ಆ ಭಾಗ ಪೂರ್ತಿ ಕತ್ತಲು.

ಇದನ್ನೆಲ್ಲ ಹೇಳಿಕೊಂಡು ನಾನೂ ನಗುತ್ತಿದ್ದೆ, ನನ್ನ ಬುಡಕ್ಕೆ ಬರುವ ತನಕ. ಮರ್ಫಿ ಟೌನಿನಲ್ಲಿ ನನ್ನದೊಂದು ಹಿಟ್ಟಿನ ಗಿರಣಿಯಿದೆ. ಗೌರಿ ಹಬ್ಬದ ಹಿಂದಿನ ವಾರ ಜಡಿಮಳೆಗೆ ಶೀಟು ಸೋರಿ ಮೋಟರ್ ನೆನೆದಿತ್ತು. ಬಟ್ಟೆಯಲ್ಲಿ ಒರೆಸಿ ಓಡಿಸುತ್ತಿದ್ದೆ. ಇನ್ನೇನು ಮಾಡಲಿ? ಡಬ್ಬಿಗಳ ಸಾಲು ರಸ್ತೆಗೆ ಬಂದಿತ್ತು! ಅಷ್ಟರಲ್ಲಿ ಜೀವನ್ ಬಿಮಾ ನಗರದಿಂದ ಬಸ್ಸು ಹಿಡಿದು ಅತ್ತೆ ಹಾಜರ್. ಮೇನ್ ಆಫ್. ಗರಗರ.

"ಕಾಲು ಮೆಗಾ ಓಮೂ ಇಲ್ವಲ್ಲೇ!"

"ಹಬ್ಬ ಮುಗೀಲಿ ಅತ್ತೆ, ಆಮೇಲೆ ನೋಡೋಣ."

"ಆಮೇಲೆ ನೋಡಕ್ಕೆ ನೀನಿರ್ಬೇಕಲ್ಲ!"

ಅಂದವರೇ ಮೂರು ಫ್ಯೂಸನ್ನೂ ಕಿತ್ತು ಬ್ಯಾಗಿಗೆ ಹಾಕಿಕೊಂಡು ಹೊರಟೇಬಿಟ್ಟರು. ನನಗೆ ಪಿತ್ತ ನೆತ್ತಿಗೇರಿತು. ಅಷ್ಟೂ ಗಿರಾಕಿಗಳೆದುರು ಕಿರುಚಿದೆ: "ನಿಮಗೆ ಬೇರೆ ಕೆಲ್ಸ ಇಲ್ವಾ? ಇನ್ಮೇಲೆ ಇಲ್ಲಿ ಕಾಲಿಡ್ಬೇಡಿ!"

ಒಂದು ಕಡೆ ನಿಲ್ಲದ ಅತ್ತೆ ಒಂದು ಕ್ಷಣ ನಿಂತರು. ಆಮೇಲೆ ಬ್ಯಾಗು ಹೆಗಲಿಗೇರಿಸಿಕೊಂಡು ಹೋದರು.

ಹೊಸ ಫ್ಯೂಸ್ ತರೋಣ ಅಂತ ಶಿವಾಜಿನಗರಕ್ಕೆ ಓಡಿದೆ. ಬಸ್ಸಿನಲ್ಲಿ ಕೂತರೂ ಚಡಪಡಿಕೆ, ನಿಂತರೂ ಚಡಪಡಿಕೆ. ನೀನಿರ್ಬೇಕಲ್ಲ, ನೀನಿರ್ಬೇಕಲ್ಲ ಅಂತ ತಲೆಯೊಳಗೆ ಅದೇ ಗರಗರ! ಕೊನೆಗೆ ಫ್ಯೂಸ್ ಬಿಟ್ಟು, ಮೋಟರ್ ವೈಂಡಿಂಗ್ ಮಾಡುವ ಭಾಯಿಯನ್ನೇ ಆಟೋದಲ್ಲಿ ಕೂರಿಸಿಕೊಂಡು ಬಂದೆ. ಮೋಟರ್ ಬಿಚ್ಚಿದವರೇ ಹಣೆ ಚಚ್ಚಿಕೊಂಡರು.

"ಅಕ್ಕಾ, ವೈಂಡಿಂಗ್ ಪೂರಾ ನೆಂದೋಗಿದೆ. ಅರ್ತ್ ವೈರೂ ಕಟ್ಟಾಗಿದೆ. ಇನ್ನೆರಡು ದಿನ ಓಡ್ಸಿದ್ರೆ ಇದನ್ನ ಮುಟ್ಟಿದೋರು ಖತಮ್!"

ಇಡೀ ದಿನ ಆ ಮೋಟರಿನ ಮೈಗೆ ಎಡಗೈ ಊರಿಕೊಂಡು ನಿಲ್ಲುವವಳು ನಾನೇ.

ಅತ್ತೆಗೆ ಫೋನ್ ಮಾಡಿದೆ, ಎತ್ತಲಿಲ್ಲ. ನಾಲ್ಕು ದಿನ ಮಾಡಿದೆ, ಎತ್ತಲಿಲ್ಲ. ಮೋಟರ್ ರಿಪೇರಿಯಾಗಿ ಬಂದ ದಿನ, ಕ್ಷಮಿಸಿ ಅಂತ ಬರೆಯಲು ನಾಚಿಕೆಯಾಗಿ ಮೆಸೇಜ್ ಹಾಕಿದೆ: "ಮೋಟರ್ ಬಂತು ಅತ್ತೆ. ಫ್ಯೂಸ್ ಬೇಕು."

ಮರುದಿನ ಬೆಳಿಗ್ಗೆ ಬಂದರು. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತು, ಕರ್ಚೀಫಿನಲ್ಲಿ ಸುತ್ತಿದ ಫ್ಯೂಸ್‌ಗಳನ್ನು ನನ್ನತ್ತ ಚಾಚಿದರು.

"ಚೆನ್ನಾಗಿದ್ದೀಯೇನೇ?"

ಮೇನ್ ಆರಿಸುವುದಕ್ಕೆ ಮುಂಚೆಯೇ ಕೇಳಿದರು! ಹುಟ್ಟಿದಾಗಿನಿಂದ ಇಂಥದ್ದನ್ನು ನಾನು ಕಂಡಿರಲಿಲ್ಲ.

"ಇಲ್ಲ ಅತ್ತೆ, ಚೆನ್ನಾಗಿಲ್ಲ. ಒಳಗೆ ಬಂದು ಮೊದ್ಲು ಮೇನ್ ಆಫ್ ಮಾಡಿ."

ಬಂದರು. ಬ್ಯಾಗಿನಿಂದ ಮೆಗ್ಗರ್ ಹೊರಬಂತು. ಬಿಟ್ಟು ಬಂದಿರಲೇ ಇಲ್ಲ! ಹಿಡಿಗೆ ಕೈ ಹಾಕಿದರು. ಅವರ ಕೈ ಮೇಲೆ ನನ್ನ ಕೈಯಿಟ್ಟೆ. ಇಬ್ಬರೂ ಸೇರಿ ಒಂದು ನಿಮಿಷ ತಿರುಗಿಸಿದೆವು.

"ಎಷ್ಟು ತೋರಿಸ್ತಿದೆ? ನೋಡೇ."

ನೋಡಿದೆ. ಕಣ್ಣು ತುಂಬಿ ಮುಳ್ಳು ಎಲ್ಲಿದೆಯೋ ಕಾಣಲಿಲ್ಲ.

"ಬೇಕಾದಷ್ಟಿದೆ ಅತ್ತೆ."

"ಬೇಕಾದಷ್ಟು ಅಂದ್ರೆ ಎಷ್ಟು? ನಂಬರ್ ಹೇಳೇ!"